ಬಂಗಾರದ ಪುಡಿ, ಮುತ್ತಿನ ಚಿಪ್ಪು, ವಿಜಾಪುರದ ದಾರಿ

ಡಚ್ ಈಸ್ಟ್ ಇಂಡಿಯಾ ಕಂಪನಿಯ ವರ್ತಕ ಯೋಹಾನ್ ವಾನ್ ಟ್ವಿಸ್ಟ್ 1637ರಲ್ಲಿ ಕೊಂಕಣದ ಕರಾವಳಿಯಿಂದ ಘಟ್ಟ ಹತ್ತಿ ವಿಜಾಪುರಕ್ಕೆ ಬಂದ. ಮುಹಮ್ಮದ್ ಆದಿಲ್‌ಶಹನಿಂದ ಅವನಿಗೆ ಒಂದು ಫರ್ಮಾನು ಬೇಕಾಗಿತ್ತು. ಹಿಂದಿನ ವರ್ಷದಿಂದಲೇ ಡಚ್ ಹಡಗುಗಳು ಗೋವೆಯ ಬಾಯಿ ಕಟ್ಟಲು ತೊಡಗಿದ್ದವು. ಮಳೆಗಾಲ ಕಳೆದೊಡನೆ ಬಂದು ಮಾಂಡವಿಯ ಅಳಿವೆಯ ಮುಂದೆ ಲಂಗರು ಹಾಕುವುದು, ಪೋರ್ಚುಗೀಸರ ಹಡಗುಗಳನ್ನು ತಡೆಯುವುದು, ಮತ್ತೆ ಮೋಡ ಕಟ್ಟುವ ಹೊತ್ತಿಗೆ ಹಿಂದಿರುಗುವುದು. 1644ರ ವರೆಗೆ ಇದೇ ನಡೆಯಿತು. ತಿಂಗಳುಗಟ್ಟಲೆ ನೀರಿನ ಮೇಲೆ ನಿಂತ ಹಡಗುಗಳಿಗೆ ದವಸ, ಕಟ್ಟಿಗೆ, ಸಿಹಿನೀರು ಬೇಕು. ಗೋವೆಯ ಉತ್ತರಕ್ಕೆ ತುಸು ದೂರದಲ್ಲೇ ಇದ್ದ ವೆಂಗುರ್ಲೆ ಅದಕ್ಕೆ ಹೇಳಿ ಮಾಡಿಸಿದ ಬಂದರು. ಆ ಬಂದರಿನ ಒಡೆಯ ವಿಜಾಪುರದ ಸುಲ್ತಾನ. ವಾನ್ ಟ್ವಿಸ್ಟ್‌ಗೆ ಪರವಾನಗಿ ಸಿಕ್ಕಿತು, ವೆಂಗುರ್ಲೆಯಲ್ಲಿ ಡಚ್ಚರ ವಖಾರ ಎದ್ದಿತು. ಅದರ ಪಾಳುಗೋಡೆಗಳು ಇಂದಿಗೂ ಅಲ್ಲಿ ನಿಂತಿವೆ.

ಗೋವೆ-ವೆಂಗುರ್ಲೆಗಳಿಂದ ವಿಜಾಪುರಕ್ಕೆ ಹೋಗುವ ದಾರಿ ಇಂದಿನ ಹುಕ್ಕೇರಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಸೀಮೆಗಳ ನಡುವೆ ಹಾದುಹೋಗುತ್ತಿತ್ತು. ಸಹ್ಯಾದ್ರಿಯ ಇಳಿಜಾರಿನಲ್ಲಿ ಬಂಡಿ ಓಡುವಂತಿರಲಿಲ್ಲ. ಮಾಲೆಲ್ಲ ಹೇರೆತ್ತುಗಳ ಬೆನ್ನ ಮೇಲೆ ಬರಬೇಕು. ಘಟ್ಟ ಹತ್ತಿದ ಮೇಲೆ ಕಪ್ಪು ನೆಲ, ನಡುವೆ ಕೃಷ್ಣೆ. ಬೇಸಿಗೆಯಲ್ಲಿ ಕುಡಚಿ-ಉಗಾರದ ಸುತ್ತಮುತ್ತ ಹೊಳೆ ಇಳಿದು ದಾಟಬಹುದು. ಮಳೆಗಾಲದಲ್ಲಿ ಹೊಳೆ ತುಂಬಿದರೆ ವ್ಯಾಪಾರವೂ ನಿಲ್ಲುತ್ತಿತ್ತು. ನಿಪ್ಪಾಣಿಯ ಹೆಸರು ಆಗಿನ್ನೂ ದೊಡ್ಡದಾಗಿರಲಿಲ್ಲ. ದೇಸಾಯರ ದರ್ಬಾರು, ತಂಬಾಕಿನ ಪೇಟೆ ಎಲ್ಲ ಮುಂದಿನ ಕಾಲದ ಮಾತು. ಹದಿನೇಳನೆಯ ಶತಮಾನದಲ್ಲಿ ಈ ಸೀಮೆಯ ದೊಡ್ಡ ಪೇಟೆಗಳೆಂದರೆ ರಾಯಬಾಗ ಮತ್ತು ಅಥಣಿ. 1670ರ ಹೊತ್ತಿಗೆ ಲಂಡನ್ನಿನಲ್ಲಿ ಕುಳಿತು ಏಷ್ಯಾದ ಭೂಗೋಳ ಬರೆದ ಒಗಿಲ್ಬಿಗೂ ಅಥಣಿ ದೊಡ್ಡ ವ್ಯಾಪಾರದ ಊರೆಂದು ಗೊತ್ತಿತ್ತು.

ಈ ದಾರಿಯ ವರ್ಣನೆ ಹೆಚ್ಚಾಗಿ ಸಿಗುವುದು ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊನ ಹೆಸರಿನಲ್ಲಿ. 1639ರಲ್ಲಿ ಅವನು ಈ ಭಾಗದಲ್ಲಿ ಸಂಚರಿಸಿದನೆಂದು ಹಳೆಯ ಗೆಜೆಟಿಯರುಗಳು ನಂಬಿದ್ದವು. ಆದರೆ ಅವನ ಟಿಪ್ಪಣಿಗಳನ್ನು ಅಚ್ಚಿಗೆ ಸಿದ್ಧಪಡಿಸಿದ ಓಲಿಯೇರಿಯಸ್ ಬೇರೆಯವರ ಬರಹಗಳನ್ನೂ ಅದರೊಳಗೆ ಸೇರಿಸಿದ್ದ, ವಿಜಾಪುರದ ದಾರಿಯ ಭಾಗ ವಾನ್ ಟ್ವಿಸ್ಟ್‌ನಿಂದ ಬಂದದ್ದು ಎಂದು ನಂತರದ ವಿದ್ವಾಂಸರು ತೋರಿಸಿದರು. ನನಗೆ ಈ ಎರಡನೆಯ ವಾದವೇ ಸರಿಯೆನ್ನಿಸುತ್ತದೆ. ಯಾವ ಊರು ದೊಡ್ಡದು, ಎಲ್ಲಿ ವ್ಯಾಪಾರ ಹೆಚ್ಚು ಎಂದು ಲೆಕ್ಕ ಹಾಕುತ್ತ ನಡೆಯುವ ಕಣ್ಣು ವರ್ತಕನದು, ತಿರುಗಾಟಕ್ಕೆ ಬಂದ ತರುಣನದಲ್ಲ.

ವಾನ್ ಟ್ವಿಸ್ಟ್ ಈ ಬಯಲಲ್ಲಿ ಸಾಗುತ್ತಿದ್ದ ವರ್ಷಗಳಲ್ಲೇ ಅವನ ಕಂಪನಿ ಭೂಮಿಯ ಇನ್ನೊಂದು ತುದಿಯಲ್ಲಿ ಬೇರೊಂದು ಕೆಲಸ ಮಾಡಿಸುತ್ತಿತ್ತು. 1636ರಲ್ಲಿ ಆಂಟೋನಿಯೊ ವಾನ್ ಡೀಮೆನ್ ಬಟಾವಿಯದಲ್ಲಿ ಗವರ್ನರ್ ಜನರಲ್ ಆದ. ಜಪಾನಿನ ಹಿರಾಡೊ ಬಂದರಿನಲ್ಲಿ ಕಂಪನಿಗೆ ವಖಾರವಿತ್ತು. ಅಲ್ಲಿಂದ ಹೋದ ಬೇಡಿಕೆಯಂತೆ 1636 ಮತ್ತು 1639ರ ನಡುವೆ ಒಂದು ಕರಂಡಕ ತಯಾರಾಯಿತು. ಕಪ್ಪು ಮೆರುಗಿನ ಮೇಲೆ ಬಂಗಾರದ ಪುಡಿಯಲ್ಲಿ ಬಿಡಿಸಿದ ಅರಮನೆ, ತೋಟ, ಜನ. ಮುಚ್ಚಳದ ಒಳಗೆ ಲ್ಯಾಟಿನ್ ಅಕ್ಷರಗಳಲ್ಲಿ ಗವರ್ನರನ ಹೆಂಡತಿ ಮಾರಿಯಾಳ ಹೆಸರು. ಜಪಾನಿನ ಮೆರುಗು ಕೆಲಸದ ಅತಿ ನಾಜೂಕಿನ ವಸ್ತುಗಳಲ್ಲಿ ಅದೂ ಒಂದು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಗೋವೆಯನ್ನು ಕಟ್ಟಿಹಾಕಿದ ಹಡಗುಗಳೂ, ವೆಂಗುರ್ಲೆಯ ವಖಾರವೂ, ಈ ಕರಂಡಕವೂ ಒಂದೇ ಕಂಪನಿಯ, ಅದೇ ಕೆಲವು ವರ್ಷಗಳ ಕೆಲಸ. ನಮ್ಮ ದಾರಿಯ ಕಥೆಯನ್ನೂ ಜಪಾನಿನ ಈ ಪೆಟ್ಟಿಗೆಗಳ ಕಥೆಯನ್ನೂ ಒಟ್ಟಿಗೆ ಓದಬೇಕೆಂದು ನಾನು ಹೇಳುವುದು ಇದರಿಂದಲೇ.

ಆದರೆ ಪಶ್ಚಿಮ ಕರಾವಳಿಗೆ ಜಪಾನಿನ ಮೆರುಗು ವಸ್ತುಗಳನ್ನು ಮೊದಲು ತಂದವರು ಡಚ್ಚರಲ್ಲ, ಅವರು ಕಟ್ಟಿಹಾಕಲು ಹೊರಟ ಪೋರ್ಚುಗೀಸರು. 1570ರ ದಶಕದ ಆರಂಭದಿಂದ ನಾಗಸಾಕಿ ಅವರ ಬಂದರಾಗಿತ್ತು. ಗೋವೆಯಿಂದ ಮಕಾವು, ಮಕಾವುವಿನಿಂದ ನಾಗಸಾಕಿ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ: ಗಾಳಿಗೆ ಕಾದು ಕಾದು ಹೋಗಿ ಬರಲು ಎರಡು ಮೂರು ವರ್ಷ ಹಿಡಿಯುತ್ತಿತ್ತು. ಚೀನಾದ ರೇಷ್ಮೆ ಕೊಟ್ಟು ಜಪಾನಿನ ಬೆಳ್ಳಿ ತರುವುದೇ ಮುಖ್ಯ ವ್ಯಾಪಾರ. ಮೆರುಗಿನ ಪೆಟ್ಟಿಗೆಗಳು ಅದರ ಪಕ್ಕದಲ್ಲಿ ಬಂದ ಮೇಲುಮಾಲು. ಕಪ್ತಾನರು, ಪಾದ್ರಿಗಳು, ನಾವಿಕರು ತಮ್ಮ ತಮ್ಮ ಪಾಲಿನ ಜಾಗದಲ್ಲಿ ತಂದದ್ದು.

ಗೋವೆಗೂ ಜಪಾನಿಗೂ ನಡೆದ ಕೊಡುಕೊಳ್ಳುವಿಕೆಯ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾರೆ. 1582ರಲ್ಲಿ ಜಪಾನಿನ ನಾಲ್ವರು ಕ್ರೈಸ್ತ ಹುಡುಗರನ್ನು ಜೆಸುಯಿಟ್ ಪಾದ್ರಿ ವಲಿಗ್ನಾನೊ ಯುರೋಪಿಗೆ ಹೊರಡಿಸಿದ. 1583ರಲ್ಲಿ ಅವರು ಗೋವೆಗೆ ಬಂದಿಳಿದರು. ಲಿಸ್ಬನ್, ಮ್ಯಾಡ್ರಿಡ್, ರೋಮ್ ನೋಡಿಕೊಂಡು 1587ರಲ್ಲಿ ಮತ್ತೆ ಗೋವೆಗೆ ಮರಳಿದರು. ಅವರಲ್ಲೊಬ್ಬನಾದ ಹಾರಾ ಮಾರ್ಟಿನೊ ಅಲ್ಲಿ ಲ್ಯಾಟಿನ್‌ನಲ್ಲಿ ಮಾಡಿದ ಭಾಷಣ 1588ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅದೇ ವರ್ಷ ಗೋವೆಯ ವೈಸ್‌ರಾಯ್ ಜಪಾನಿನ ಒಡೆಯ ಹಿದೆಯೋಶಿಗೆ ಒಂದು ಪತ್ರ ಬರೆದ. ವಲಿಗ್ನಾನೊ ಅದನ್ನು 1591ರಲ್ಲಿ ಕ್ಯೋಟೊದಲ್ಲಿ ಒಪ್ಪಿಸಿದ, ಜೊತೆಗೆ ಒಂದು ಅರಬ್ಬಿ ಕುದುರೆಯನ್ನೂ. ವಿಜಾಪುರದ ಸುಲ್ತಾನರು ಯಾವ ಗೋವೆಯ ಪೇಟೆಯಿಂದ ಅರಬ್ಬಿ ಕುದುರೆ ತರಿಸುತ್ತಿದ್ದರೋ ಅದೇ ಪೇಟೆಯಿಂದ ಜಪಾನಿಗೂ ಒಂದು ಹೋಯಿತು. ಚಿತ್ತಾರದ ಅಂಚಿನ ಆ ಪತ್ರ ಕ್ಯೋಟೊದ ಮ್ಯೋಹೊ-ಇನ್ ದೇವಾಲಯದಲ್ಲಿದೆ, ಜಪಾನಿನ ರಾಷ್ಟ್ರೀಯ ನಿಧಿ ಎಂದು ಘೋಷಿತವಾಗಿದೆ.

ಪೋರ್ಚುಗೀಸರಿಗಾಗಿ ಸುಮಾರು 1580ರಿಂದ 1630ರ ದಶಕದ ವರೆಗೆ ತಯಾರಾದ ಪೆಟ್ಟಿಗೆಗಳಿಗೆ ಸಂಗ್ರಾಹಕರು ನಂಬಾನ್ ಎನ್ನುತ್ತಾರೆ. ಒಂದನ್ನು ಹತ್ತಿರದಿಂದ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ಅದರ ಮುಚ್ಚಳ. ಅದು ಚಪ್ಪಟೆಯಲ್ಲ, ಅರ್ಧ ಪೀಪಾಯಿಯಂತೆ ಉಬ್ಬಿದೆ. ಅಂಥ ಪೆಟ್ಟಿಗೆ ಜಪಾನಿನ ಮನೆಗಳದ್ದಲ್ಲ. ಹಡಗಿನಲ್ಲಿ ತಿರುಗುವ ಯುರೋಪಿನವನದು. ಮೈಯೆಲ್ಲ ದಟ್ಟ ಕಪ್ಪು. ಅದರ ಮೇಲೆ ಪಟ್ಟಿ ಹೊಡೆದು ಅಂಕಣ ಮಾಡಿ, ಪಟ್ಟಿಯೊಳಗೆ ತ್ರಿಕೋನ, ಒಂದರೊಳಗೊಂದು ಹೆಣೆದ ವೃತ್ತಗಳನ್ನು ಚಿಪ್ಪಿನ ಚೂರುಗಳಿಂದ ತುಂಬಿದ್ದಾರೆ. ಅಂಕಣಗಳಲ್ಲಿ ಬಂಗಾರದ ಪುಡಿಯ ಗಿಡಬಳ್ಳಿ: ಚೆರ್ರಿ, ಮೇಪಲ್, ಕಿತ್ತಳೆ ಜಾತಿಯ ಹಣ್ಣು, ನಡುನಡುವೆ ಹಕ್ಕಿ, ಜಿಂಕೆ. ಎಲೆಯೊಂದು ಬಂಗಾರದ್ದು, ಪಕ್ಕದ ಎಲೆ ಚಿಪ್ಪಿನದು. ಒಂದಿಷ್ಟೂ ಖಾಲಿ ಜಾಗ ಬಿಟ್ಟಿಲ್ಲ. ಖಾಲಿ ಜಾಗವನ್ನೇ ಚಿತ್ರದ ಭಾಗವೆಂದು ಎಣಿಸುವ ಜಪಾನಿನ ಒಳಪೇಟೆಯ ಕೆಲಸಕ್ಕೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದೇ.

ಹಾಗಾದರೆ ಈ ಇಡಿಕಿರಿದ ಚಿಪ್ಪಿನ ಕೆಲಸ ಎಲ್ಲಿಂದ ಬಂತು? ಇಲ್ಲಿ ವಿದ್ವಾಂಸರಲ್ಲಿ ಎರಡು ಪಂಗಡ. ಕೊರಿಯಾದ ಮೆರುಗು ಕೆಲಸದಲ್ಲಿ ಚಿಪ್ಪಿಗೆ ಹಿಂದಿನಿಂದಲೂ ದೊಡ್ಡ ಸ್ಥಾನವಿತ್ತು, ಅದರ ಪ್ರಭಾವ ಎಂಬುದು ಒಂದು ಮಾತು. ಗುಜರಾತಿನಲ್ಲಿ ತಯಾರಾಗಿ ಗೋವೆಯ ಮೂಲಕ ಹೋಗುತ್ತಿದ್ದ ಚಿಪ್ಪಿನ ಪೆಟ್ಟಿಗೆ, ತಟ್ಟೆ, ಬಟ್ಟಲುಗಳನ್ನು ಪೋರ್ಚುಗೀಸರು ಮೆಚ್ಚಿ ಜಪಾನಿನಲ್ಲೂ ಅದೇ ಬಗೆಯದನ್ನು ಕೇಳಿದರು ಎಂಬುದು ಇನ್ನೊಂದು. ಗುಜರಾತಿನವರು ತೇಗದ ಹಲಗೆಯ ಮೇಲೆ ಕಪ್ಪು ಅರಗಿನಲ್ಲಿ ಚಿಪ್ಪಿನ ತುಣುಕು ಕೂರಿಸುತ್ತಿದ್ದರು. ಫತೇಪುರ ಸಿಕ್ರಿಯಲ್ಲಿ ಸಲೀಂ ಚಿಸ್ತಿಯ ಸಮಾಧಿಯ ಮೇಲಿನ ಚಿಪ್ಪಿನ ಛತ್ರವನ್ನು ನೋಡಿದವರಿಗೆ ಆ ಕಾಲದ ಚಿಪ್ಪಿನ ಕೆಲಸ ಎಷ್ಟು ಬೆಳೆದಿತ್ತೆಂಬುದು ಗೊತ್ತು. ಕೊರಿಯಾದ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಪಟ್ಟಿ ಹೊಡೆದು ಅಂಕಣ ಮಾಡುವ ಕ್ರಮ, ಸಣ್ಣ ಸಣ್ಣ ಕೋನಗಳ ಅಂಚು, ಉಬ್ಬು ಮುಚ್ಚಳ ಇವನ್ನೆಲ್ಲ ಕೂಡಿಸಿ ನೋಡಿದರೆ ನನ್ನ ಮನಸ್ಸು ಗುಜರಾತಿನ ಕಡೆಗೇ ವಾಲುತ್ತದೆ.

ಅದಕ್ಕೆ ಇನ್ನೊಂದು ಕಾರಣ ನಮ್ಮ ನಾಡಿನಲ್ಲೇ ಇದೆ. ಬೀದರ ಕೋಟೆಯ ರಂಗೀನ್ ಮಹಲಿಗೆ ಹೋಗಿ. 1542ರಿಂದ 1580ರ ವರೆಗೆ ಆಳಿದ ಅಲಿ ಬರೀದ್ ಶಹನ ಕಾಲದ ಕೆಲಸ ಅದು. ಕೆತ್ತಿದ ಮರದ ಕಂಬಗಳನ್ನು ದಾಟಿ ಒಳಕೋಣೆಯ ಬಾಗಿಲಿಗೆ ಬಂದರೆ ಕರಿಕಲ್ಲು. ನುಣುಪಾಗಿ ತಿಕ್ಕಿದ ಆ ಕಪ್ಪು ಕಲ್ಲಿನಲ್ಲಿ ಗೀರು ತೋಡಿ, ಮುತ್ತಿನ ಚಿಪ್ಪನ್ನು ಬಳ್ಳಿಯಾಗಿ, ಪಾರಸಿ ಪದ್ಯದ ಅಕ್ಷರವಾಗಿ ಕೂರಿಸಿದ್ದಾರೆ. ಬೆಳಕು ಸರಿದಂತೆ ಚಿಪ್ಪು ಒಮ್ಮೆ ಹಸಿರು, ಒಮ್ಮೆ ಗುಲಾಬಿ. ಬೀದರದ ಅಕ್ಕಸಾಲಿಗರು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿ ಮಾಡುವ ಬಿದ್ರಿಯೂ ಇದೇ ಅಭಿರುಚಿಯ ಮಗಳು. ನಂಬಾನ್ ಪೆಟ್ಟಿಗೆ ನಾಗಸಾಕಿಯಲ್ಲಿ ಹಡಗು ಹತ್ತುವ ಮೊದಲೇ ಕಪ್ಪಿನ ಮೇಲೆ ಹೊಳೆಯುವುದನ್ನು ಮೆಚ್ಚುವ ಕಣ್ಣು ದಖ್ಖನಿನಲ್ಲಿ ತಯಾರಾಗಿತ್ತು. 1619ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಹ ಬೀದರವನ್ನು ಗೆದ್ದುಕೊಂಡಾಗ ಆ ಮಹಲೂ ವಿಜಾಪುರದ್ದಾಯಿತು. ಸಂಗೀತ, ಚಿತ್ರ, ಪುಸ್ತಕಗಳಲ್ಲಿ ಮುಳುಗಿದ್ದ ಇಬ್ರಾಹಿಂನ ಆಸ್ಥಾನ ಗೋವೆಯೊಂದಿಗೆ ಸದಾ ಸಂಪರ್ಕದಲ್ಲಿತ್ತು. ವಿಜಾಪುರದ ಅರಸರು ಕೂಡಿಸಿದ್ದ ಚೀನಾದ ಪಿಂಗಾಣಿಯ ಕೆಲವು ವಸ್ತುಗಳು ಗೋಲಗುಂಬಜದ ಮ್ಯೂಸಿಯಂನಲ್ಲಿ ಇಂದಿಗೂ ಇವೆ.

ಪಿಂಗಾಣಿ ಉಳಿಯಿತು, ಮೆರುಗಿನ ಮರ ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಉತ್ತರ ಅದನ್ನು ಮಾಡುವ ಬಗೆಯಲ್ಲೇ ಇದೆ. ನಮ್ಮ ಕಡೆ ಮೆರುಗೆಂದರೆ ಅರಗು. ಚನ್ನಪಟ್ಟಣದ ಬೊಂಬೆಗೆ ಮೆತ್ತುವುದು ಅದನ್ನೇ. ಅದು ಹುಳು ಕಟ್ಟುವ ವಸ್ತು, ಬಿಸಿಗೆ ಕರಗುತ್ತದೆ. ಜಪಾನಿನ ಉರುಶಿ ಮರದ ಸೊನೆ. ಮಾವು, ಗೇರು ಇರುವ ಕುಲದ್ದೇ ಆ ಮರ; ಗೇರಿನ ಸೊನೆ ತಾಕಿ ಮೈ ಸುಟ್ಟುಕೊಂಡವರಿಗೆ ಉರುಶಿ ತಾಕಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಹತ್ತು ಹದಿನೈದು ವರ್ಷ ಬೆಳೆದ ಮರದ ತೊಗಟೆಗೆ ಒಂದು ಹಂಗಾಮಿನುದ್ದಕ್ಕೂ ಗೀರು ಹಾಕಿ ಒಸರಿದ್ದನ್ನು ಕೂಡಿಸಿದರೆ ಸಿಗುವುದು ಸುಮಾರು 200 ಗ್ರಾಂ. ಆಮೇಲೆ ಮರ ಕಡಿಯುತ್ತಾರೆ. ವಿಚಿತ್ರವೆಂದರೆ ಈ ಸೊನೆ ಬಿಸಿಲಿಗೆ ಒಣಗುವುದಿಲ್ಲ. ಗಾಳಿಯಲ್ಲಿ ನೀರಿನ ಪಸೆ ನೂರಕ್ಕೆ ಎಪ್ಪತ್ತು ಎಂಬತ್ತರಷ್ಟು ಇರಬೇಕು, ಆಗಲೇ ಅದು ಗಟ್ಟಿಯಾಗುವುದು. ಅದಕ್ಕಾಗಿ ಒದ್ದೆ ಮಾಡಿದ ಮರದ ಕಪಾಟಿನಲ್ಲಿಟ್ಟು ಕಾಯುತ್ತಾರೆ. ಒಂದು ಪದರ ಬಳಿ, ಕಾಯಿ, ಇದ್ದಿಲಿನಿಂದ ತಿಕ್ಕು, ಇನ್ನೊಂದು ಪದರ. ಚಿತ್ರ ಬಿಡಿಸುವವನು ಹಸಿ ಸೊನೆಯಲ್ಲೇ ಗೆರೆ ಎಳೆದು, ಅದು ಅಂಟು ಬಿಡುವ ಮೊದಲು ಸಣ್ಣ ಕೊಳವೆಯಿಂದ ಬಂಗಾರದ ಪುಡಿಯನ್ನು ಬೆರಳ ತುದಿಯ ತಟ್ಟಿನಲ್ಲಿ ಉದುರಿಸುತ್ತಾನೆ. ಇದಕ್ಕೆ ಮಾಕಿ-ಎ ಎಂದು ಹೆಸರು. ಚಿಪ್ಪು ಕೂರಿಸುವ ಕೆಲಸಕ್ಕೆ ರಾದೆನ್. ತೀರ ಒಳ್ಳೆಯ ಒಂದು ಪೆಟ್ಟಿಗೆಗೆ ವರ್ಷ ಕಳೆದರೂ ಆಶ್ಚರ್ಯವಿಲ್ಲ.

ಹಡಗು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಪರದೇಶದ ಪೆಟ್ಟಿಗೆಗಳಿಗೆ ಕುಶಲಕರ್ಮಿಗಳು ಅಗ್ಗದ ತಳಪಾಯ ಹಾಕಿದರು: ಕೆಳಪದರದಲ್ಲಿ ಸೊನೆಯ ಬದಲು ಪ್ರಾಣಿಜನ್ಯ ಅಂಟು, ಮೇಲಿನ ಪದರಗಳೂ ಕಡಿಮೆ. ಇತ್ತೀಚೆಗೆ ಪ್ರಯೋಗಾಲಯಗಳಲ್ಲಿ ನೋಡಿದಾಗ ಹಲವು ಪೆಟ್ಟಿಗೆಗಳಲ್ಲಿ ಜಪಾನಿನ ಸೊನೆಯ ಜೊತೆಗೆ ಬರ್ಮಾ, ಸಯಾಮ್ ಕಡೆಯ ಥಿಟ್ಸಿ ಮರದ ಸೊನೆಯೂ ಸಿಕ್ಕಿದೆ. ಬೇಡಿಕೆ ಸ್ವಂತ ಮರಗಳನ್ನು ಮೀರಿತ್ತು. ಇಂಥ ಪೆಟ್ಟಿಗೆ ಸಮುದ್ರದ ಪಸೆಯಲ್ಲಿ ಚೆನ್ನಾಗಿರುತ್ತದೆ. ಘಟ್ಟ ಹತ್ತಿ ಅಥಣಿಯ ಚೈತ್ರ-ವೈಶಾಖದ ಒಣ ಗಾಳಿಗೆ ಬಂದರೆ ಒಳಗಿನ ಮರ ಕುಗ್ಗುತ್ತದೆ, ಮೇಲಿನ ಪದರ ಕುಗ್ಗುವುದಿಲ್ಲ. ಮೊದಲು ಏಳುವುದು ಚಿಪ್ಪು. ಬಿಸಿಲು ಬಿದ್ದಲ್ಲಿ ಕಪ್ಪು ಕಂದಾಗಿ, ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಹೊಳಪು ಸಾಯುತ್ತದೆ.

1639ರಲ್ಲಿ ಜಪಾನಿನ ಶೋಗುನ್ ಪೋರ್ಚುಗೀಸರನ್ನು ಹೊರಗಟ್ಟಿದ. ಕ್ರೈಸ್ತ ಮತದ ಮೇಲೆ 1614ರಿಂದಲೇ ನಿಷೇಧವಿತ್ತು. ಕ್ರೈಸ್ತ ರೈತರೇ ಹೆಚ್ಚಾಗಿದ್ದ ಶಿಮಾಬರಾದ ದಂಗೆಯ ನಂತರ ಉಳಿದ ಸಹನೆಯೂ ತೀರಿತು. ಮರುವರ್ಷ ಮತ್ತೊಮ್ಮೆ ಬೇಡಿಕೊಳ್ಳಲು ಮಕಾವುವಿನಿಂದ ಹೋದ ನಿಯೋಗದ 61 ಜನರ ತಲೆ ನಾಗಸಾಕಿಯಲ್ಲಿ ಉರುಳಿತು. ಸುದ್ದಿ ಮುಟ್ಟಿಸಲೆಂದು 13 ಜನರನ್ನು ಬಿಟ್ಟರು. ಗೋವೆಯ ಪಾಲಿಗೆ ಜಪಾನ್ ಅಲ್ಲಿಗೆ ಮುಗಿಯಿತು. ಚರ್ಚುಗಳಿಗಾಗಿ ಮೆರುಗು ಹಾಕಿಸಿದ ಮಡಚುವ ಪುಸ್ತಕಪೀಠ, ಪವಿತ್ರ ರೊಟ್ಟಿಯ ದುಂಡು ಕರಂಡಕಗಳು ಜಪಾನಿನಲ್ಲಿ ಬಹುಪಾಲು ನಾಶವಾದವು. ಬದುಕಿದವುಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಹೊರಗೆ ಹೋದವು.

ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ಬಾಗಿಲು ತೆರೆದಿತ್ತು, ಅದೂ 1641ರಿಂದ ನಾಗಸಾಕಿಯ ದೆಶಿಮಾ ಎಂಬ ಪುಟ್ಟ ಕಟ್ಟಿದ ದ್ವೀಪದಲ್ಲಿ. ಆ ಬದಲಾವಣೆಯ ಹೊತ್ತಿಗೆ ಜಪಾನಿನಲ್ಲಿ ಕಂಪನಿಯ ಮುಖ್ಯಸ್ಥನಾಗಿದ್ದವನು ಫ್ರಾನ್ಸ್ವಾ ಕರಾನ್. ಮುಂದೆ ಇದೇ ಕರಾನ್ ಫ್ರೆಂಚ್ ಕಂಪನಿ ಸೇರಿ 1668ರಲ್ಲಿ ಸೂರತ್ತಿಗೆ ಬಂದು ಅವರ ವಖಾರ ತೆರೆದ. ಡಚ್ಚರ ಕಾಲದಲ್ಲಿ ಪೆಟ್ಟಿಗೆಗಳ ರೂಪವೇ ಬದಲಾಯಿತು. ಚಿಪ್ಪಿನ ದಟ್ಟಣೆ ಇಳಿದು ಬಂಗಾರದ ಚಿತ್ರ ಮುಂದೆ ಬಂತು, ಕಪ್ಪು ಉಸಿರಾಡತೊಡಗಿತು. ಮುಚ್ಚಳದ ಉಬ್ಬೂ ಕ್ರಮೇಣ ಚಪ್ಪಟೆಯಾಯಿತು.

ಭಾರತದ ಪಾಲು ಆಗಲೂ ನಿಲ್ಲಲಿಲ್ಲ. ಬಂಗಾಳದಲ್ಲಿ ತೊಗಲಿನಿಂದ ದುಂಡು ಗುರಾಣಿ ಮಾಡಿಸಿ, ಹಡಗಿನಲ್ಲಿ ಜಪಾನಿಗೆ ಕಳಿಸಿ, ಅದಕ್ಕೆ ಕಪ್ಪು ಮೆರುಗು ಹಾಕಿಸಿ, ನಡುವೆ ಡಚ್ ಅಧಿಕಾರಿಗಳ ಮನೆತನದ ಲಾಂಛನವನ್ನು ಬಂಗಾರದಲ್ಲಿ ಬರೆಸುತ್ತಿದ್ದರು. ಅಂಥ ಕೆಲವು ಈಗಲೂ ಉಳಿದಿವೆ. ಚಪ್ಪಲಿ ಹೊಲಿಯುವ ಅಥಣಿ, ನಿಪ್ಪಾಣಿಯ ಸಮಗಾರರ ಕೈಗೆ ಅಂಥದೊಂದು ಗುರಾಣಿ ಕೊಟ್ಟು ಅವರು ಏನು ಹೇಳುತ್ತಾರೆಂದು ಕೇಳಬೇಕೆಂಬ ಆಸೆ ನನಗಿದೆ; ಮೆರುಗಿನ ಕೆಳಗಿನ ತೊಗಲನ್ನು ಅವರಷ್ಟು ಬಲ್ಲವರು ಮ್ಯೂಸಿಯಂಗಳಲ್ಲಿ ಸಿಗಲಾರರು. ಮೊಘಲ್ ದರ್ಬಾರಿಗೂ ಕಂಪನಿ ಜಪಾನಿನ ಮೆರುಗು ವಸ್ತುಗಳನ್ನು ಕಾಣಿಕೆಯಾಗಿ ಒಯ್ಯುತ್ತಿತ್ತು. 1711ರಿಂದ 1713ರ ವರೆಗೆ ನಡೆದ ಡಚ್ ಅಧಿಕಾರಿ ಕೆಟೆಲಾರನ ದೊಡ್ಡ ರಾಯಭಾರದ ಕಾಣಿಕೆಗಳಲ್ಲೂ ಅವು ಇದ್ದವು. ಆದರೆ ಭಾರತದ ಪೇಟೆಗಳಿಗೆ ಜಪಾನಿನಿಂದ ನಿಜವಾಗಿ ರಾಶಿ ರಾಶಿಯಾಗಿ ಬಂದದ್ದು ತಾಮ್ರ. ಸೂರತ್ತು, ಕೋರಮಂಡಲದ ಕಂಚುಗಾರರು ಬಡಿದ ತಾಮ್ರದಲ್ಲಿ ದೊಡ್ಡ ಪಾಲು ಜಪಾನಿನ ಗಣಿಗಳದು.

ಇಷ್ಟರಲ್ಲಿ ವಿಜಾಪುರದ ದಾರಿಯೇ ಮುರಿಯತೊಡಗಿತ್ತು. 1659ರಲ್ಲಿ ವಿಜಾಪುರದ ಸರದಾರ ಅಫಜಲಖಾನ ಸತ್ತ ಮೇಲೆ ಮರಾಠಾ ದಂಡು ಈ ಪೇಟೆಗಳ ತನಕ ಬಂತು. ಆದರೆ ಅಥಣಿಯ ಪಾಲಿಗೆ ಕರಾಳ ವರ್ಷ 1679. ತಂದೆ ಶಿವಾಜಿಯೊಡನೆ ಮುನಿದ ಸಂಭಾಜಿ 1678ರ ಡಿಸೆಂಬರಿನಲ್ಲಿ ಮೊಘಲ್ ಸರದಾರ ದಿಲೇರಖಾನನನ್ನು ಸೇರಿದ್ದ. ಮರುವರ್ಷ ದಿಲೇರಖಾನ ವಿಜಾಪುರವನ್ನು ಹಿಡಿಯಲಾಗದೆ ಸುತ್ತಲಿನ ಸೀಮೆಯ ಮೇಲೆ ಸಿಟ್ಟು ತೀರಿಸಿಕೊಂಡ. ಮೊದಲು ತಿಕೋಟ. ಸಂಪನ್ನ ವರ್ತಕರ ಆ ಊರಿನಲ್ಲಿ ಮಾನ ಉಳಿಸಿಕೊಳ್ಳಲು ಹೆಂಗಸರು ಮಕ್ಕಳೊಂದಿಗೆ ಬಾವಿಗೆ ಹಾರಿದರು. ಸಾವಿರಗಟ್ಟಲೆ ಜನ ಸೆರೆಯಾದರು. ಅಲ್ಲಿಂದ ದಂಡು ಅಥಣಿಗೆ ಬಂದು ಪೇಟೆಯನ್ನು ಸುಟ್ಟಿತು. ಊರಿನ ಜನರನ್ನು ಗುಲಾಮರನ್ನಾಗಿ ಮಾರುವುದು ಖಾನನ ಯೋಚನೆ. ಸಂಭಾಜಿ ಅದನ್ನು ವಿರೋಧಿಸಿದ. ಖಾನ ಕೇಳಲಿಲ್ಲ. ನವೆಂಬರ್ 20ರ ರಾತ್ರಿ ಸಂಭಾಜಿ ಪಾಳೆಯ ಬಿಟ್ಟು ವಿಜಾಪುರಕ್ಕೆ ಹೊರಟುಹೋದ. ಅವನ ಹೆಂಡತಿ ಯೇಸುಬಾಯಿ ಗಂಡುಡುಪಿನಲ್ಲಿ ಜೊತೆಗಿದ್ದಳೆಂದು ಇತಿಹಾಸಕಾರ ಜದುನಾಥ ಸರ್ಕಾರ್ ಬರೆಯುತ್ತಾರೆ. ಅಲ್ಲಿಂದ ಪನ್ಹಾಳಕ್ಕೆ ಹೋಗಿ ಅವನು ಮತ್ತೆ ತಂದೆಯ ಪಕ್ಷ ಸೇರಿದ. ಆಗ ಅಥಣಿ ಯಾರ ಕೈಯಲ್ಲಿತ್ತು ಎಂಬ ಬಗ್ಗೆ ಬರಹಗಳು ಒಮ್ಮತಕ್ಕೆ ಬರುವುದಿಲ್ಲ. ಬೆಳಗಾವಿ ಗೆಜೆಟಿಯರು ಶಿವಾಜಿಯಿಂದ ಕಸಿದದ್ದು ಎನ್ನುತ್ತದೆ, ಸರ್ಕಾರರ ಕಥನದಲ್ಲಿ ಅದು ವಿಜಾಪುರದ ಪೇಟೆ. ಮರಾಠಾ ಇತಿಹಾಸದಲ್ಲಿ ಈ ಪ್ರಸಂಗ ಸಂಭಾಜಿ ಮರಳಿದ ಕಥೆಯಾಗಿ ಮಾತ್ರ ನೆನಪಾಗುತ್ತದೆ. ಸುಟ್ಟುಹೋದ ಪೇಟೆಯ ವರ್ತಕರನ್ನೂ, ಮಾರಾಟಕ್ಕಿಟ್ಟ ಜನರನ್ನೂ ಅದೇ ಗಂಭೀರತೆಯಿಂದ ನೆನೆಯಬೇಕು. ಗೋವೆಯ ಸರಕಿಗೆ ಬೆಲೆ ಕಟ್ಟುವ, ಹುಂಡಿ ಬರೆಯುವ, ಹೇರೆತ್ತು ಗೊತ್ತುಮಾಡುವ ಜ್ಞಾನವೆಲ್ಲ ಅವರದಾಗಿತ್ತು.

ಏಳು ವರ್ಷಗಳ ನಂತರ, 1686ರ ಸೆಪ್ಟೆಂಬರ್ 12ರಂದು ವಿಜಾಪುರ ಔರಂಗಜೇಬನ ವಶವಾಯಿತು. ಕೊಳ್ಳುವ ಆಸ್ಥಾನವೇ ಇಲ್ಲವಾದ ಮೇಲೆ ದಾರಿ ಸಾಮಾನ್ಯ ದಾರಿಯಾಯಿತು. ಅದೇ ಹೊತ್ತಿಗೆ ಜಪಾನಿನ ಮೆರುಗಿನ ಬೆಲೆಯೂ ಏರಿ, 1690ರ ದಶಕದಲ್ಲಿ ಡಚ್ ಕಂಪನಿ ತನ್ನ ಲೆಕ್ಕದಲ್ಲಿ ಅದನ್ನು ತರಿಸುವುದನ್ನು ನಿಲ್ಲಿಸಿತು. ಉಳಿದದ್ದು ನೌಕರರ ಖಾಸಗಿ ವ್ಯಾಪಾರ.

ಮೆರುಗಿನ ಕೆಲಸ ಮಾತ್ರ ಈ ದಾರಿಯ ಕೆಳತುದಿಯಲ್ಲಿ ಬೇರೆ ರೂಪದಲ್ಲಿ ಬೇರೂರಿತು. ಆಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಚಿತಾರಿ ಮನೆತನಗಳು ಅರಗಿನ ಮೆರುಗು ಹಚ್ಚಿದ ಗಂಜೀಫಾ ಎಲೆ, ಮಣೆ, ಆಟಿಕೆಗಳನ್ನು ಮಾಡುತ್ತ ಬಂದಿವೆ. ಅಲ್ಲಿನ ಭೋಸಲೆ ರಾಜಮನೆತನ ಸಾಯುತ್ತಿದ್ದ ಆ ಕಸುಬನ್ನು 1970ರ ದಶಕದಲ್ಲಿ ಅರಮನೆಯಲ್ಲೇ ಕಾರ್ಖಾನೆ ತೆರೆದು ಬದುಕಿಸಿತು. ನಿಪ್ಪಾಣಿಯಿಂದ ಅರ್ಧ ದಿನದ ದಾರಿ. ನಮ್ಮವರು ಗೋವೆಗೆ ಹೋಗುವಾಗ ದಾಟಿಹೋಗುತ್ತಾರೆ, ನಿಲ್ಲುವುದಿಲ್ಲ.

ಹಳೆಯ ಜಪಾನಿ ಪೆಟ್ಟಿಗೆಗಳ ಸಂಗ್ರಹದ ಕಥೆ ಅಲ್ಲಿಂದ ಮುಂದೆ ಯುರೋಪಿನದು. 1640ರ ಹೊತ್ತಿಗೆ ಕ್ಯೋಟೊದಲ್ಲಿ ತಯಾರಾದ ಎರಡು ದೊಡ್ಡ ಸಂದೂಕುಗಳು ಫ್ರಾನ್ಸಿನ ಕಾರ್ಡಿನಲ್ ಮಜಾರಿನ್‌ನ ಮನೆತನಕ್ಕೆ ಸೇರಿದವು. 1882ರ ಹ್ಯಾಮಿಲ್ಟನ್ ಅರಮನೆಯ ಹರಾಜಿನಲ್ಲಿ ಒಂದನ್ನು ಲಂಡನ್ನಿನ ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕೊಂಡಿತು. ಇನ್ನೊಂದು 1941ರ ನಂತರ ಕಣ್ಮರೆಯಾಯಿತು. ಮ್ಯೂಸಿಯಂನವರು ದಶಕಗಳ ಕಾಲ ಹುಡುಕಿದರು. ಅದು ಮ್ಯೂಸಿಯಂ ಇರುವ ಸೌತ್ ಕೆನ್ಸಿಂಗ್ಟನ್ ಬಡಾವಣೆಯಲ್ಲೇ ಒಂದು ಮನೆಯಲ್ಲಿತ್ತು. 1970ರಲ್ಲಿ ಫ್ರೆಂಚ್ ಎಂಜಿನಿಯರೊಬ್ಬರು ಅದನ್ನು 100 ಪೌಂಡಿಗೆ ಕೊಂಡು ಟಿವಿ ಇಡುವ ಮೇಜಾಗಿ ಬಳಸಿದರು. 2013ರಲ್ಲಿ ಫ್ರಾನ್ಸಿನ ಹರಾಜೊಂದರಲ್ಲಿ ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಅದಕ್ಕೆ 73 ಲಕ್ಷ ಯೂರೊ ಕೊಟ್ಟಿತು.

ಲಂಡನ್ನಿನ ಸಂದೂಕಿನ ಚಿಕಿತ್ಸೆ 2004ರಿಂದ 2008ರ ವರೆಗೆ ನಡೆಯಿತು. ಮೆರುಗು ಮಂಕಾದಾಗ ಯುರೋಪಿನ ರಿಪೇರಿಯವರು ಮಾಡುತ್ತಿದ್ದ ಮೊದಲ ಕೆಲಸ ಮೇಲೆ ವಾರ್ನಿಶ್ ಬಳಿಯುವುದು, ಅದಕ್ಕೆ ಬಳಸುತ್ತಿದ್ದದ್ದು ಹೆಚ್ಚಾಗಿ ಭಾರತದಿಂದ ಹೋದ ಅರಗು. ಕಾಲ ಕಳೆದಂತೆ ಅದು ಹಳದಿಗಟ್ಟಿ ಬಂಗಾರವನ್ನೂ ಚಿಪ್ಪನ್ನೂ ಮುಚ್ಚುತ್ತದೆ. ಅದನ್ನು ತೆಗೆಯುವ ದ್ರಾವಣ ಬಿಸಿಲುಂಡ ಉರುಶಿಯನ್ನೂ ಕದಡಬಹುದಾದ್ದರಿಂದ ಅಂಗುಲ ಅಂಗುಲವಾಗಿ ಸಾಗಬೇಕು. ಹಳೆಯ ಪೆಟ್ಟಿಗೆ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಹಳದಿ ಪೊರೆ. ನಂತರ ಚಿಪ್ಪಿನ ಅಂಚು: ಪಕ್ಕದಿಂದ ಬೆಳಕು ಬಿಟ್ಟರೆ ಎದ್ದ ಚೂರು ನೆರಳು ಹಾಕುತ್ತದೆ. ಹಿಂಬದಿ ಮತ್ತು ತಳದ ಮೆರುಗನ್ನೂ ಮುಂಬದಿಯೊಂದಿಗೆ ಹೋಲಿಸಿ ನೋಡಬೇಕು, ಬೆಳಕು ತಾಕದ ಕಡೆ ಮೂಲದ ಕಪ್ಪು ಉಳಿದಿರುತ್ತದೆ.

ನಮ್ಮ ಸೀಮೆಯವರಿಗೆ ಇವನ್ನು ನೋಡಲು ಲಂಡನ್ನಿಗೇ ಹೋಗಬೇಕೆಂದಿಲ್ಲ. ಜಪಾನ್ ಜಗತ್ತಿಗೆ ಮತ್ತೆ ತೆರೆದುಕೊಂಡು, 1868ರ ನಂತರ ಅಲ್ಲಿನ ಪಾಳೆಯಗಾರರ ಮನೆಗಳ ಸಂಪತ್ತು ಪೇಟೆಗೆ ಬಂದಾಗ ಕೊಂಡವರಲ್ಲಿ ಭಾರತೀಯರೂ ಇದ್ದರು. ಸರ್ ರತನ್ ಟಾಟಾ ಮತ್ತು ಸರ್ ದೋರಾಬ್ ಟಾಟಾ ಅವರ ಸಂಗ್ರಹಗಳು ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂಗೆ, ಅಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಸೇರಿವೆ. ಹೈದರಾಬಾದಿನಲ್ಲಿ ಮೂರನೆಯ ಸಾಲಾರ್ ಜಂಗ್ ಅವರು ಕೂಡಿಸಿದ ಜಪಾನಿನ ವಸ್ತುಗಳಿವೆ. ಆ ಮ್ಯೂಸಿಯಂ 1951ರ ಡಿಸೆಂಬರ್ 16ರಂದು ತೆರೆಯಿತು. ಮುಂಬಯಿಗೆ ಮಿರಜದಿಂದ ರಾತ್ರಿಯ ರೈಲಿದೆ. ಹೈದರಾಬಾದಿನ ದಾರಿ ಹಿಡಿದವರು ನಡುವೆ ಬೀದರಕ್ಕೆ ತಿರುಗಿ ರಂಗೀನ್ ಮಹಲನ್ನು ಮೊದಲು ನೋಡುವುದು ಒಳ್ಳೆಯದು. ಆ ಕರಿಕಲ್ಲಿನ ಚಿಪ್ಪನ್ನು ನೋಡಿದ ಕಣ್ಣಿಗೆ ಜಪಾನಿನ ಕಪ್ಪು ಹೆಚ್ಚು ತೋರುತ್ತದೆ.